ಅಣಬೆ ಸ್ಟ್ಯಾಂಪ್ ಕಲೆಕ್ಷನ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಣಬೆ ಚಿತ್ರ ಇರೋ ಅಂಚೆಚೀಟಿ ಕೂಡಿಸ್ತೀನಿ ಅಂದ್ರೆ ಜನ ಮೊದ್ಲು ನಗ್ತಾರೆ, ಆಮೇಲೆ ಒಂದೊಂದೇ ಪ್ರಶ್ನೆ ಶುರು. ಎಕ್ಸಿಬಿಷನ್‌ನಲ್ಲಿ, ವಾಟ್ಸಾಪ್‌ನಲ್ಲಿ, ಕಾಗದದಲ್ಲಿ, ಮದುವೆ ಮನೆ ಊಟದ ಸಾಲಲ್ಲಿ ಕೂಡ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನ ಕೇಳಿದವರ ಮಾತಲ್ಲೇ ಇಲ್ಲಿ ಹಾಕಿದೀನಿ. ಸುಲಭದ್ದು ಮೊದ್ಲು, ತಲೆ ತಿನ್ನೋದು ಕೊನೆಗೆ.

## ಈಗಷ್ಟೇ ಶುರು ಮಾಡೋರಿಗೆ

ಅಣಬೆನಾ? ಅದ್ರಲ್ಲಿ ಕೂಡಿಸೋವಷ್ಟು ಸ್ಟ್ಯಾಂಪ್ ಇದ್ಯಾ ಸಾರ್?

ಇದೆ, ಸಾವಿರಾರು ಇದೆ. ಹಕ್ಕಿ, ಹೂವು, ರೈಲು, ಕ್ರಿಕೆಟ್ ಥರ ಇದೂ ಒಂದು ಥೀಮು, ಜಗತ್ತಿನ ಎಲ್ಲಾ ಕಡೆ ಇದನ್ನೇ ಹಿಡ್ಕೊಂಡು ಕೂತಿರೋ ಜನ ಇದಾರೆ. ಹಕ್ಕಿ ಸ್ಟ್ಯಾಂಪ್ ಪೂರ್ತಿ ಕೂಡಿಸ್ತೀನಿ ಅಂತ ಹೊರಟರೆ ಒಂದು ಜನ್ಮ ಸಾಲಲ್ಲ, ಅಣಬೇಲಿ ಕನಿಷ್ಠ ಹಳೇ ಕಾಲದ್ದಾದ್ರೂ ಒಬ್ಬ ಮನುಷ್ಯ ಮುಗಿಸಬಹುದು, ನನಗೆ ಇಷ್ಟ ಆಗಿದ್ದೂ ಅದೇ.

ಪ್ರಪಂಚದ ಫಸ್ಟ್ ಅಣಬೆ ಸ್ಟ್ಯಾಂಪ್ ಯಾವ್ದು?

ಹೇಗೆ ಕೇಳ್ತೀರಿ ಅನ್ನೋದರ ಮೇಲೆ ಉತ್ತರ. ಚಿತ್ರದ ಮೂಲೇಲಿ ಇದ್ರೂ ಸಾಕು ಅಂದ್ರೆ 1894ಕ್ಕೆ ಹೋಗ್ಬೇಕು, ಚೀನಾದ ರಾಜಮಾತೆ ಸಿಷಿಯ 60ನೇ ಹುಟ್ಟುಹಬ್ಬಕ್ಕೆ ಬಂದ ಸ್ಟ್ಯಾಂಪ್‌ಗಳ ಅಲಂಕಾರದಲ್ಲಿ ಲಿಂಗ್‌ಜಿ ಅಣಬೆ ಇದೆ, ಆಯಸ್ಸು ಹೆಚ್ಚಲಿ ಅನ್ನೋ ಸಂಕೇತವಾಗಿ. ಇಡೀ ಸೆಟ್ಟೇ ಅಣಬೆಯದ್ದಾಗಿರಬೇಕು ಅಂದ್ರೆ 1958ರ ರೊಮೇನಿಯಾ, 10 ಸ್ಟ್ಯಾಂಪು. ಅದೇ ವರ್ಷ ಚೆಕೊಸ್ಲೊವಾಕಿಯಾ 5 ತಂತು, 1959ರಲ್ಲಿ ಪೋಲೆಂಡ್ 8, 1961ರಲ್ಲಿ ಬಲ್ಗೇರಿಯಾ 8, 1964ರಲ್ಲಿ ಮಂಗೋಲಿಯಾ ಮತ್ತೆ ಸೋವಿಯತ್ ಒಕ್ಕೂಟ. ಹಳಬರ ಆಲ್ಬಮ್ ತೆಗೆದ್ರೆ ಮೊದಲ ಪುಟಗಳು ಸಾಮಾನ್ಯವಾಗಿ ಇವೇ.

ಅದೇನು ಎಲ್ಲಾ ಕಮ್ಯುನಿಸ್ಟ್ ದೇಶಗಳೇ? ಅವರಿಗೇನು ಅಣಬೆ ಹುಚ್ಚು?

ಹುಚ್ಚು ಅಂತಾನೇ ಅನ್ನಿ. ಆ ಕಡೆ ಜನಕ್ಕೆ ಮಳೆ ಬಿದ್ದ ಮೇಲೆ ಬುಟ್ಟಿ ಹಿಡ್ಕೊಂಡು ಕಾಡಿಗೆ ಹೋಗೋದು ಮನೆಮಂದಿಯೆಲ್ಲಾ ಸೇರಿ ಮಾಡೋ ಕೆಲಸ, ತಂದದ್ದನ್ನ ಒಣಗಿಸಿ ಉಪ್ಪಿನಕಾಯಿ ಹಾಕಿ ಚಳಿಗಾಲಕ್ಕೆ ಇಟ್ಕೊಳ್ತಾರೆ. ಮಲೆನಾಡಲ್ಲಿ, ಕೊಡಗಲ್ಲಿ ಮೊದಲ ಮಳೆಗೆ ಅಣಬೆ ಹುಡುಕಿ ಹೋಗೋರಿಗೆ ಇದು ಹೇಳಿಕೊಡಬೇಕಾಗಿಲ್ಲ. ಹಾಗಾಗಿ ಸ್ಟ್ಯಾಂಪ್ ಮೇಲೆ ಅಣಬೆ ಬಂದ್ರೆ ಅಲ್ಲಿಯವರಿಗೆ ಅದು ಮನೆ ವಿಷಯ.

ಇನ್ನೊಂದು ಕಾರಣಾನೂ ಇದೆ, ಅದನ್ನ ಹೇಳದಿದ್ರೆ ಅರ್ಧ ಕತೆ ಆಗತ್ತೆ. ಆ ಸರ್ಕಾರಗಳಿಗೆ ಡಾಲರು, ಪೌಂಡು ಬೇಕಿತ್ತು, ಚಂದದ ಬಣ್ಣದ ಸ್ಟ್ಯಾಂಪು ಪ್ರಿಂಟ್ ಹಾಕಿ ಪಶ್ಚಿಮದ ಕಲೆಕ್ಟರುಗಳಿಗೆ ಮಾರೋದು ಸುಲಭದ ದಾರಿ. ಅಣಬೇಲಿ ರಾಜಕೀಯ ಇಲ್ಲ, ಲೆನಿನ್ ಮುಖ ಬೇಡ ಅನ್ನೋನೂ ಅಣಬೆ ತಗೋತಾನೆ. ಅಲ್ಲಿಂದ ಮುಂದೆ ಯಾವ ಅಣಬೆ ಸ್ಟ್ಯಾಂಪ್ ಕೈಗೆ ಬಂದ್ರೂ ನಾನು ಕೇಳ್ಕೊಳ್ಳೋ ಪ್ರಶ್ನೆ ಒಂದೇ: ಇದನ್ನ ಯಾರು, ಯಾರಿಗೋಸ್ಕರ ಪ್ರಿಂಟ್ ಮಾಡಿದ್ರು? ಕಾಗದದ ಮೇಲೆ ಅಂಟಿಸೋಕಾ, ಆಲ್ಬಮ್ಮಿಗಾ?

ನನ್ನ ಹತ್ರ ಒಂದೂ ಇಲ್ಲ, ಎಲ್ಲಿಂದ ಶುರು ಮಾಡ್ಲಿ? ತುಂಬಾ ದುಡ್ಡು ಬೇಕಾ?

ಬೇಡ. ಬಹುಪಾಲು ಅಣಬೆ ಸ್ಟ್ಯಾಂಪು ಲಕ್ಷಗಟ್ಟಲೆ ಪ್ರಿಂಟ್ ಆಗಿರೋವು, ಅದಕ್ಕೇ ಅಗ್ಗ. "100 ಡಿಫರೆಂಟ್ ಮಶ್ರೂಮ್" ಅಂತ ಪ್ಯಾಕೆಟ್ ಸಿಗತ್ತೆ, ಡೀಲರ್‌ಗಳ ಹತ್ರಾನೂ ಇರತ್ತೆ, ಆನ್‌ಲೈನಲ್ಲೂ ಇರತ್ತೆ. ಒಂದು ಪ್ಯಾಕೆಟ್ ತಗೊಂಡು ಟೇಬಲ್ ಮೇಲೆ ಹರಡಿ ಸುಮ್ನೆ ನೋಡ್ತಾ ಕೂತ್ಕೊಳ್ಳಿ, ಯಾವ ದೇಶದ್ದು ಕಣ್ಣು ಹಿಡಿಯತ್ತೋ ಅಲ್ಲಿಂದ ಮುಂದುವರೀರಿ. ಪ್ಯಾಕೆಟ್ ಮೇಲೆ ಪ್ಯಾಕೆಟ್ ಮಾತ್ರ ತಗೋಬೇಡಿ, ಎರಡನೇದರಲ್ಲಿ ಅರ್ಧ ಮೊದಲನೇದರದ್ದೇ ಇರತ್ತೆ.

ಬೆಂಗಳೂರಲ್ಲಿ ಇರೋರು ಜಿಪಿಒದಲ್ಲಿರೋ (ಊರಿನ ದೊಡ್ಡ ಪೋಸ್ಟಾಫೀಸು) ಫಿಲಾಟೆಲಿಕ್ ಬ್ಯೂರೋಗೆ, ಅಂದ್ರೆ ಸ್ಟ್ಯಾಂಪ್ ಕೂಡಿಸೋರಿಗೆ ಅಂತಲೇ ಇರೋ ವಿಭಾಗಕ್ಕೆ, ಒಂದ್ಸಲ ಹೋಗ್ಬನ್ನಿ. ವಿದೇಶಿ ಅಣಬೆ ಅಲ್ಲಿ ಮಾರಲ್ಲ, ಆದ್ರೆ ಕಲೆಕ್ಟರುಗಳ ಪರಿಚಯ ಆಗತ್ತೆ. ಕರ್ನಾಟಕ ಫಿಲಾಟೆಲಿಕ್ ಸೊಸೈಟಿಯವರ ಮೀಟಿಂಗು, ಕರ್ನಾಪೆಕ್ಸ್ ಥರದ ಪ್ರದರ್ಶನದಲ್ಲಿ ಡೀಲರ್ ಸ್ಟಾಲುಗಳು, ಇಲ್ಲೆಲ್ಲಾ ಕೈಯಲ್ಲಿ ಹಿಡಿದು, ತಿರುಗಿಸಿ ಹಿಂದೆ ನೋಡಿ ತಗೋಬಹುದು. ಫೋಟೋ ನೋಡಿ ತಗೊಳ್ಳೋದಕ್ಕೂ ಇದಕ್ಕೂ ಬಹಳ ವ್ಯತ್ಯಾಸ.

ಮಗಳು ಏಳನೇ ಕ್ಲಾಸು, ಇದೇ ಹವ್ಯಾಸ. ಸ್ಕಾಲರ್‌ಶಿಪ್ ಇದೆ ಅಂತಾರಲ್ಲ, ನಿಜಾನಾ?

ನಿಜ. ಅಂಚೆ ಇಲಾಖೆಯ ದೀನ್ ದಯಾಳ್ ಸ್ಪರ್ಶ್ ಯೋಜನೆ, 2017ರಲ್ಲಿ ಶುರುವಾಗಿದ್ದು, 6ರಿಂದ 9ನೇ ಕ್ಲಾಸಿನವರಿಗೆ, ವರ್ಷಕ್ಕೆ 6000 ರೂಪಾಯಿ. ಸ್ಕೂಲಲ್ಲಿ ಫಿಲಾಟೆಲಿ ಕ್ಲಬ್ ಇರಬೇಕು, ಇಲ್ಲಾಂದ್ರೆ ಮಗುವಿನ ಹೆಸರಲ್ಲಿ ಫಿಲಾಟೆಲಿ ಡೆಪಾಸಿಟ್ ಅಕೌಂಟ್ (ಮುಂಗಡ ದುಡ್ಡು ಕಟ್ಟಿ ಹೊಸ ಸ್ಟ್ಯಾಂಪು ತರಿಸ್ಕೊಳ್ಳೋ ಅಂಚೆ ಖಾತೆ) ಇರಬೇಕು. ಕ್ವಿಜ್ ಬರೀಬೇಕು, ಪ್ರಾಜೆಕ್ಟ್ ಮಾಡಬೇಕು. ಮಾರ್ಕ್ಸೂ ನೋಡ್ತಾರೆ, ಹತ್ತಿರದ ಹೆಡ್ ಪೋಸ್ಟಾಫೀಸಲ್ಲಿ ಆ ವರ್ಷದ ನೋಟಿಸ್ ಕೇಳಿ.

ನಾನೇ ತೆಗೆದ ಅಣಬೆ ಫೋಟೋನ ಸ್ಟ್ಯಾಂಪ್ ಮಾಡಿಸಬಹುದಾ?

ಮೈ ಸ್ಟ್ಯಾಂಪ್ ಅಂತ ಇದೆ, 2011ರ ಇಂಡಿಪೆಕ್ಸ್ ಪ್ರದರ್ಶನದಲ್ಲಿ ಶುರು ಮಾಡಿದ್ರು. ನಿಮ್ಮ ಫೋಟೋ ಸ್ಟ್ಯಾಂಪಿನ ಜೊತೆಗೆ ಅಂಟಿಕೊಂಡ ಭಾಗದಲ್ಲಿ ಬರತ್ತೆ, ಸ್ಟ್ಯಾಂಪಿನ ಡಿಸೈನು ಇಲಾಖೆಯದ್ದೇ. ನೆಂಟರಿಗೆ ಕಾಗದ ಹಾಕೋಕೆ ಚಂದ, ಕಲೆಕ್ಷನ್ ಅಂತ ತೂಕ ಕಡಿಮೆ.

## ಕೊಳ್ಳೋದು, ಕಾಪಾಡೋದು

ಸೀಲ್ ಬಿದ್ದಿದೆ, ಆದ್ರೆ ಹಿಂದೆ ಅಂಟು ಹಾಗೇ ಇದೆ. ಇದೆಂಥ ಯೂಸ್ಡ್ ಸ್ಟ್ಯಾಂಪು?

ಇದಕ್ಕೆ ಸಿಟಿಒ (ಕ್ಯಾನ್ಸಲ್ಡ್ ಟು ಆರ್ಡರ್) ಅಂತಾರೆ, ಕಾಗದದ ಮುಖಾನೇ ನೋಡದೆ ಪ್ರೆಸ್ಸಲ್ಲೋ ಪೋಸ್ಟಾಫೀಸಲ್ಲೋ ಹಾಳೆ ಹಾಳೆಗೇ ಸೀಲ್ ಹೊಡೆದು ಡೀಲರಿಗೆ ಅಗ್ಗಕ್ಕೆ ಕೊಟ್ಟಿದ್ದು. ಗುರುತು ಹಿಡಿಯೋದು ಸುಲಭ. ನಾಲ್ಕು ಸ್ಟ್ಯಾಂಪು ಸೇರೋ ಮೂಲೆಗೆ ಒಂದೇ ಸೀಲು ಬೀಳೋ ಹಾಗೆ ಹೊಡೀತಾರೆ, ಹಾಗಾಗಿ ಒಂದೊಂದಕ್ಕೂ ಕಾಲು ವೃತ್ತ ಬರತ್ತೆ, ನೀಟಾಗಿ, ಅಣಬೆ ಚಿತ್ರಕ್ಕೆ ಒಂಚೂರೂ ತಾಗದ ಹಾಗೆ. ನಿಜವಾಗಿ ಕಾಗದದ ಮೇಲೆ ಹೋದ ಸ್ಟ್ಯಾಂಪಿಗೆ ಈ ಮರ್ಯಾದೆ ಯಾರು ಕೊಡ್ತಾರೆ ಹೇಳಿ, ಮೂಗಿನ ಮೇಲೇ ಬಿದ್ದಿರತ್ತೆ ಸೀಲು.

ಸಿಟಿಒ ತಗೊಳ್ಳೋದು ತಪ್ಪಲ್ಲ, ಪೂರ್ವ ಯುರೋಪಿನ ಎಷ್ಟೋ ಸೆಟ್ಟು ಬರೋದೇ ಹಾಗೆ. ಮಿಂಟ್ ರೇಟ್, ಅಂದ್ರೆ ಸೀಲೇ ಬೀಳದ ಹೊಸ ಸ್ಟ್ಯಾಂಪಿನ ರೇಟ್, ಮಾತ್ರ ಕೊಡಬೇಡಿ. ನನ್ನ ಕೇಳಿದ್ರೆ, ರೊಮೇನಿಯಾದಿಂದ ನಿಜವಾಗಿ ಯಾರೋ ಯಾರಿಗೋ ಬರೆದು ಅಣಬೆ ಸ್ಟ್ಯಾಂಪ್ ಅಂಟಿಸಿ ಕಳಿಸಿದ ಒಂದು ಕವರು, ಮಾಸಿದ್ರೂ ಪರವಾಗಿಲ್ಲ, ಹತ್ತು ಸಿಟಿಒ ಸೆಟ್‌ಗಿಂತ ಮೇಲು.

ಮಳೆಗಾಲ ಬಂದ್ರೆ ಸ್ಟ್ಯಾಂಪೆಲ್ಲಾ ಅಂಟ್ಕೊಂಡ್ಬಿಡತ್ತೆ, ಕಂದು ಚುಕ್ಕೆ ಬೇರೆ ಬರ್ತಿದೆ, ಏನ್ ಮಾಡ್ಲಿ?

ಈ ಪ್ರಶ್ನೆ ಕೇಳೋರೆಲ್ಲಾ ತೀರ್ಥಹಳ್ಳಿ, ಶಿರಸಿ, ಮಂಗಳೂರು, ಮಡಿಕೇರಿ ಕಡೆಯವರೇ. ಕಂದು ಚುಕ್ಕೆಗೆ ಫಾಕ್ಸಿಂಗ್ ಅಂತಾರೆ, ಪೇಪರಲ್ಲಿರೋ ಕಬ್ಬಿಣದ ಅಂಶ, ತೇವ, ಜೊತೆಗೆ ಬೂಷ್ಟು ಇವೆಲ್ಲಾ ಸೇರಿ ಆಗೋದು. ಬೂಷ್ಟು ಅಂದ್ರೆ ಅದೂ ಶಿಲೀಂಧ್ರಾನೇ, ಅಣಬೆ ಸ್ಟ್ಯಾಂಪನ್ನ ಅಣಬೆಯ ನೆಂಟರೇ ತಿಂತಿದಾರೆ ಅಂತ ಆಯ್ತು, ನಗಬೇಕೋ ಅಳಬೇಕೋ ಗೊತ್ತಾಗಲ್ಲ.

ಗಾಳೀಲಿ ತೇವ ಶೇಕಡಾ 65 ದಾಟಿ ಹಾಗೇ ನಿಂತ್ರೆ ಬೂಷ್ಟಿಗೆ ಹಬ್ಬ. ತೇವ ಅಳೆಯೋ ಒಂದು ಸಣ್ಣ ಹೈಗ್ರೋಮೀಟರ್ ತಂದು ಕಪಾಟಲ್ಲಿ ಇಡಿ, ಆಮೇಲೆ ಊಹೆ ಮಾಡೋ ಕೆಲಸ ಇಲ್ಲ. ಸ್ಟಾಕ್‌ಬುಕ್ಕನ್ನ (ಸ್ಟ್ಯಾಂಪ್ ಸಿಕ್ಕಿಸಿಡೋ ಪುಸ್ತಕ) ನಿಲ್ಲಿಸಿ ಇಡಿ, ಒಂದರ ಮೇಲೊಂದು ಪೇರಿಸಿದ್ರೆ ಆ ಭಾರಕ್ಕೇ ಅಂಟು ಹಿಡ್ಕೊಳತ್ತೆ. ಹೊರಗೋಡೆಗೆ ತಾಗಿರೋ ಕಪಾಟು ಬೇಡ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಬಣ್ಣ ಬದಲಾದ್ರೆ ಬಿಸಿ ಮಾಡಿ ಒಣಗಿಸಿ ಮತ್ತೆ ಇಡಬಹುದು. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಇರತ್ತೆ, ಆರೋಗ್ಯಕ್ಕೆ ಒಳ್ಳೇದಲ್ಲ, ಆರೆಂಜ್ ಬಣ್ಣದ್ದು ತಗೊಳ್ಳಿ. ಪಿವಿಸಿ ಪ್ಲಾಸ್ಟಿಕ್ ಕವರು ಬೇಡವೇ ಬೇಡ, ಬೆಣ್ಣೆ ಕಾಗದದ ಥರದ ಗ್ಲಾಸಿನ್ ಕವರು ಸಾಕು. ಮಳೆ ಬಿಟ್ಟು ಬಿಸಿಲು ಬಂದ ದಿನ ಪುಸ್ತಕ ತೆಗೆದು ಪುಟ ತಿರುಗಿಸಿ ಗಾಳಿ ಆಡಿಸಿ, ಬಿಸಿಲಲ್ಲಿ ಮಾತ್ರ ಇಡಬೇಡಿ, ಬಣ್ಣ ಹೋಗತ್ತೆ.

ಅಂಟ್ಕೊಂಡಿದ್ದನ್ನ ಎಳೀಬೇಡಿ. ಯೂಸ್ಡ್ ಆದ್ರೆ ತಣ್ಣೀರಲ್ಲಿ ನೆನೆಸಿ, ಬಿಟ್ಕೊಳತ್ತೆ, ಕೈ ಬದ್ಲು ಚಪ್ಪಟೆ ತುದಿಯ ಚಿಮಟದಲ್ಲಿ ಎತ್ತಿ ಬಿಳಿ ಕಾಗದದ ಮೇಲೆ ಒಣಗಿಸಿ. ಮಿಂಟ್ ಆದ್ರೆ ನೆನೆಸಿದ ತಕ್ಷಣ ಅಂಟು ಹೋಯ್ತು, ಬೆಲೇನೂ ಹೋಯ್ತು. ಚುಕ್ಕೆ ತೆಗೀತೀನಿ ಅಂತ ಬ್ಲೀಚ್ ಹಾಕೋ ಯೂಟ್ಯೂಬ್ ಸಲಹೆಗಳಿಂದ ದೂರ ಇರಿ.

ಭೂತಾನ್‌ನ ಪ್ಲಾಸ್ಟಿಕ್ ಅಣಬೆ ಸ್ಟ್ಯಾಂಪ್ ನಿಜವಾಗ್ಲೂ ಸ್ಟ್ಯಾಂಪಾ, ಆಟದ ಸಾಮಾನಾ?

ಸ್ಟ್ಯಾಂಪೇ. 1973ರ ಸೆಟ್ಟು, 6 ಅಣಬೆ, ತ್ರೀಡಿ. ಮೇಲೆ ಸಣ್ಣ ಸಣ್ಣ ಗೆರೆಗಳಿರೋ ಪ್ಲಾಸ್ಟಿಕ್ ಪದರ ಇರತ್ತೆ, ಉಗುರು ಅಡ್ಡ ಎಳೆದ್ರೆ ಕರ್ ಅಂತ ಸದ್ದು ಬರತ್ತೆ. ಸ್ವಲ್ಪ ಓರೆ ಮಾಡಿದ್ರೆ ಅಣಬೆ ಮುಂದಕ್ಕೆ ಬಂದು ಹಿಂದಿನ ಕಾಡು ಬೇರೆಯಾಗಿ ಒಳಗೆ ಹೋದ ಹಾಗೆ ಕಾಣತ್ತೆ. ಮಕ್ಕಳ ಕೈಗೆ ಕೊಟ್ರೆ ವಾಪಸ್ ಕೊಡಲ್ಲ.

ಇದರ ಹಿಂದೆ ಇದ್ದೋನು ಬರ್ಟ್ ಟಾಡ್ ಅಂತ ಅಮೆರಿಕದವನು, ಭೂತಾನ್ ರಾಜಮನೆತನಕ್ಕೆ ಬೇಕಾದವನು. ದೇಶಕ್ಕೆ ಆದಾಯ ಬೇಕಿತ್ತು, ಅದಕ್ಕೆ ಸ್ಟ್ಯಾಂಪು ದಾರಿ ಆಯ್ತು. 1962ರಲ್ಲಿ ಮೊದಲ ಸ್ಟ್ಯಾಂಪು ಬಂತು, ಆಮೇಲೆ ತ್ರೀಡಿ, ರೇಷ್ಮೆ ಬಟ್ಟೆ, ಗ್ರಾಮಫೋನಲ್ಲಿ ಹಾಕಿದ್ರೆ ಹಾಡೋ ಪುಟಾಣಿ ರೆಕಾರ್ಡು, ಒಂದಾ ಎರಡಾ. ಆಗ ದೊಡ್ಡ ಕಲೆಕ್ಟರುಗಳು ಮೂಗು ಮುರಿದ್ರು, ಈಗ ಅವನ್ನೇ ಹುಡುಕ್ತಾರೆ. ತಗೊಳ್ಳೋವಾಗ ಅಂಚು ನೋಡಿ, ಪ್ಲಾಸ್ಟಿಕ್ ಪದರ ಎದ್ದಿರತ್ತೆ, ಇಲ್ಲಾ ಬಾಗಿರತ್ತೆ. ನೀರಿಗೆ ಹಾಕಬೇಡಿ.

## ಚಿತ್ರದೊಳಗಿನ ಅಣಬೆ

ಸ್ಟ್ಯಾಂಪ್ ನೋಡ್ಕೊಂಡು ಕಾಡಲ್ಲಿ ತಿನ್ನೋ ಅಣಬೆ ಗುರುತು ಹಿಡೀಬಹುದಾ?

ಬೇಡ. ಕೈ ಮುಗೀತೀನಿ, ಬೇಡ. ಹೆಬ್ಬೆರಳಿನಷ್ಟು ಚಿತ್ರದಲ್ಲಿ ಟೊಪ್ಪಿ, ದಂಟು ಕಾಣತ್ತೆ, ಆದ್ರೆ ಮಣ್ಣೊಳಗೆ ಹೂತಿರೋ ಬುಡದ ಚೀಲ, ಬೀಜಕಣದ ಬಣ್ಣ, ವಾಸನೆ ಯಾವ್ದೂ ಕಾಣಲ್ಲ. ಅಮಾನಿಟಾ ಫ್ಯಾಲಾಯ್ಡಿಸ್ ಅನ್ನೋ ವಿಷದ ಅಣಬೆ ತಿಂದವರಿಗೆ ಸಾಮಾನ್ಯವಾಗಿ ಆರು ಗಂಟೆ, ಹನ್ನೆರಡು ಗಂಟೆ ಏನೂ ಆಗಲ್ಲ, ಆಮೇಲೆ ವಾಂತಿ ಭೇದಿ, ಅದು ನಿಂತು ಹುಷಾರಾದ್ರು ಅನ್ನೋಷ್ಟರಲ್ಲಿ ಲಿವರ್ ಹೋಗಿರತ್ತೆ. ಬೇಯಿಸಿದ್ರೆ ಆ ವಿಷ ಹೋಗಲ್ಲ. ಅಣಬೆ ತಂದು ತಿನ್ನೋದಾದ್ರೆ ನಿಮ್ಮೂರಲ್ಲಿ ತಲೆಮಾರಿನಿಂದ ತರ್ತಿರೋರ ಜೊತೆ ಹೋಗಿ, ಆಲ್ಬಮ್ ಮನೇಲೇ ಇರಲಿ.

ವಿಷದ ಅಣಬೆಗಳದ್ದೇ ಬೇರೆ ಸೆಟ್ ಇದ್ಯಂತೆ, ಯಾವ ದೇಶ?

ನನ್ನ ಪ್ರೀತಿಯ ವಿಷಯ ಇದು. ಪೂರ್ವ ಜರ್ಮನಿ 1974ರಲ್ಲಿ 8 ವಿಷದ ಅಣಬೆ ಹಾಕ್ತು, 1980ರಲ್ಲಿ ತಿನ್ನೋ ಅಣಬೆಗಳದ್ದು ಬೇರೆ 6. ಸೋವಿಯತ್ ಒಕ್ಕೂಟ 1986ರಲ್ಲಿ 5, ಚೆಕೊಸ್ಲೊವಾಕಿಯಾ 1989ರಲ್ಲಿ 5. ಜನ ಕಾಡಿಗೆ ಹೋಗೋ ದೇಶಗಳಲ್ಲಿ ಇದು ಒಂಥರಾ ಮನೆ ಮನೆಗೆ ತಲುಪೋ ಎಚ್ಚರಿಕೆ.

ಇದರಲ್ಲಿ ಒಂದು ಮಜಾ ಕೇಳಿ. ಪೂರ್ವ ಜರ್ಮನಿಯ 1974ರ ವಿಷದ ಸೆಟ್‌ನಲ್ಲಿ ಗೈರೊಮಿಟ್ರಾ ಎಸ್ಕ್ಯುಲೆಂಟಾ ಅಂತ ಒಂದಿದೆ, ಮಿದುಳಿನ ಥರ ಮಡಿಕೆ ಮಡಿಕೆಯಾಗಿ, ಕಂದು ಬಣ್ಣ. ಅದೇ 1974ರಲ್ಲಿ ಫಿನ್‌ಲ್ಯಾಂಡ್ 3 ಅಣಬೆ ಸ್ಟ್ಯಾಂಪು ತಂತು, ಅದರಲ್ಲೂ ಇದೇ ಅಣಬೆ, ಪಕ್ಕದಲ್ಲಿ ಯಾರು ಅಂದ್ರೆ ಎಲ್ಲರೂ ಇಷ್ಟಪಟ್ಟು ತಿನ್ನೋ ಶಾಂತರೆಲ್ ಮತ್ತೆ ಬೊಲೀಟಸ್ ಎಡ್ಯುಲಿಸ್! ಫಿನ್‌ಲ್ಯಾಂಡಿನವರು ಅದನ್ನ ಎರಡೆರಡು ಸಲ ನೀರು ಬದಲಿಸಿ ಕುದಿಸಿ ಆ ನೀರು ಚೆಲ್ಲಿ ತಿಂತಾರೆ, ಹಸಿಯಾಗೇ ತಿಂದ್ರೆ ಸಾಯಬಹುದು. ಈ ಎರಡೂ ಸ್ಟ್ಯಾಂಪನ್ನ ಒಂದೇ ಪುಟದಲ್ಲಿ ಎದುರುಬದುರು ಇಟ್ಟು ನೋಡಿ, ಅಗ್ಗಕ್ಕೇ ಸಿಗತ್ತೆ ಎರಡೂ, ಆದ್ರೆ ಇಂಥ ಜೋಡಿ ದುಡ್ಡು ಕೊಟ್ಟು ಕೊಳ್ಳೋ ರೆಡಿಮೇಡ್ ಸೆಟ್‌ನಲ್ಲಿ ಸಿಗಲ್ಲ.

1989ರ ಚೆಕ್ ಸೆಟ್‌ನಲ್ಲಿ ಕಾರ್ಟಿನೇರಿಯಸ್ ಒರೆಲ್ಲಾನಸ್ ಇದೆ, ನೋಡೋಕೆ ಸಾಧು, ಕಿತ್ತಳೆ ಕಂದು. ಇದು ಮಾರಕ ಅಂತ ಗೊತ್ತಾಗಿದ್ದು 1950ರ ದಶಕದಲ್ಲಿ, ಪೋಲೆಂಡ್‌ನಲ್ಲಿ ಜನ ಸತ್ತ ಮೇಲೆ. ತಿಂದು ಎಷ್ಟೋ ದಿನ ಆದ ಮೇಲೆ ಕಿಡ್ನಿ ಹೋಗತ್ತೆ, ಅಷ್ಟರಲ್ಲಿ ಅಣಬೆ ತಿಂದಿದ್ದೇ ಮರೆತಿರತ್ತೆ, ಅದಕ್ಕೇ ಅಲ್ಲಿವರೆಗೂ ಯಾರೂ ಅದರ ಮೇಲೆ ಅನುಮಾನ ಪಡಲಿಲ್ಲ.

ನಮ್ಮ ಕಡೆ ಬೆಳೆಯೋ ಅಣಬೆ ಯಾವ ಸ್ಟ್ಯಾಂಪಲ್ಲಾದ್ರೂ ಇದ್ಯಾ?

ಇದೆ, ಇಲ್ಲಾ ಅದರ ದಾಯಾದಿಗಳಾದ್ರೂ ಇದಾವೆ. ಹುತ್ತದ ಮೇಲೆ ಏಳೋ ಅಣಬೆ ಗೊತ್ತಲ್ಲ, ಅದು ಟರ್ಮಿಟೊಮೈಸಿಸ್ ಕುಲ, ಗೆದ್ದಲು ತನ್ನ ಗೂಡೊಳಗೆ ಅದನ್ನ ಬೆಳೆಸ್ಕೊಳ್ಳತ್ತೆ. ಆಫ್ರಿಕಾದಲ್ಲೂ ಇದೇ ಕತೆ, ಅಲ್ಲೂ ಇಷ್ಟಪಟ್ಟು ತಿಂತಾರೆ, ಜಾಂಬಿಯಾ 1984ರ ಅಣಬೆ ಸೆಟ್‌ನಲ್ಲಿ ಈ ಕುಲದ್ದು ಒಂದಿದೆ. ಇನ್ನೊಂದು, ಚೀನಾ 1981ರಲ್ಲಿ ತಂದ 6 ಸ್ಟ್ಯಾಂಪಿನ ತಿನ್ನೋ ಅಣಬೆ ಸೆಟ್‌ನಲ್ಲಿ ಬಲೆ ಲಂಗ ತೊಟ್ಟ ಅಣಬೆ. ಮಳೆಗಾಲದಲ್ಲಿ ಪಶ್ಚಿಮ ಘಟ್ಟದಲ್ಲೂ ಏಳತ್ತೆ, ಬೆಳಿಗ್ಗೆ ನೋಡಿದ್ದು ಸಂಜೆಗೆ ಬಿದ್ದಿರತ್ತೆ, ತಲೆ ಮೇಲಿನ ಲೋಳೆಯ ಕೆಟ್ಟ ವಾಸನೆಗೆ ನೊಣ ಮುತ್ತಿರತ್ತೆ. ಚೀನಾದವರು ಆ ಲೋಳೆ ತೊಳೆದು ಒಣಗಿಸಿ ಸೂಪಿಗೆ ಹಾಕ್ತಾರೆ, ಸ್ಟ್ಯಾಂಪಲ್ಲಿ ಆ ಬಿಳಿ ಬಲೆಯ ಕಣ್ಣುಗಳನ್ನ ಎಷ್ಟು ಸಣ್ಣಗೆ ಬಿಡಿಸಿದಾರೆ ಅಂದ್ರೆ ಭೂತಗನ್ನಡಿ ಇಲ್ಲದೆ ನೋಡೋದು ಅನ್ಯಾಯ.

ಕತ್ತಲಲ್ಲಿ ಹೊಳೆಯೋ ಅಣಬೆ ಬೇಕಾ? ಫ್ರಾನ್ಸ್ 1979ರ ಸೆಟ್ಟಲ್ಲಿ ಆಂಫಲೋಟಸ್ ಒಲಿಯೇರಿಯಸ್ ಇದೆ, ಅದರ ಅಡಿಯ ಪದರಗಳು ರಾತ್ರಿ ಮಂದವಾಗಿ ಬೆಳಗ್ತವೆ. ನಮ್ಮ ಘಟ್ಟದಲ್ಲಿ ಮಳೆಗಾಲದಲ್ಲಿ ಹೊಳೆಯೋವು ಬೇರೆ ಜಾತಿ, ಆದ್ರೆ ನೋಡಿದವರಿಗೆ ಈ ಸ್ಟ್ಯಾಂಪ್ ಮೇಲೆ ತಂತಾನೇ ಪ್ರೀತಿ ಬರತ್ತೆ.

ಸ್ಟ್ಯಾಂಪ್ ಮೇಲಿರೋ ಹೆಸರು ಗೂಗಲ್ ಮಾಡಿದ್ರೆ ಬೇರೇದೇ ಬರತ್ತೆ, ಪ್ರಿಂಟಿಂಗ್ ಮಿಸ್ಟೇಕಾ?

ಹೆಚ್ಚಿನ ಸಲ ಅಲ್ಲ. ವಿಜ್ಞಾನಿಗಳು ಹೆಸರು ಬದಲಾಯಿಸ್ತಾನೇ ಇರ್ತಾರೆ. ಆ ಚೀನಾ ಸೆಟ್ಟಿನ ಡಿಕ್ಟಿಯೊಫೋರಾ, ಅಂದ್ರೆ ಮೇಲೆ ಹೇಳಿದ ಬಲೆ ಲಂಗದ ಅಣಬೆ, ಈಗ ಫ್ಯಾಲಸ್ ಆಗಿದೆ, ಲೆಂಟಿನಸ್ ಈಗ ಲೆಂಟಿನ್ಯುಲಾ, ಅಂದ್ರೆ ಅಂಗಡೀಲಿ ಸಿಗೋ ಶಿಟಾಕೆ. ಪುಟದಲ್ಲಿ ಸ್ಟ್ಯಾಂಪ್ ಮೇಲಿರೋದನ್ನೇ ಬರೆದು ಪಕ್ಕದಲ್ಲಿ ಈಗಿನ ಹೆಸರು ಸಣ್ಣದಾಗಿ ಹಾಕಿ.

ಪೆನ್ಸಿಲಿನ್, ಯೀಸ್ಟ್, ಅಣಬೆ ಹಿಡಿದ ಅಳಿಲು ಇವೆಲ್ಲಾ ಸೇರಿಸಬಹುದಾ?

ನಿಮ್ಮ ಆಲ್ಬಮ್ಮು, ನಿಮ್ಮ ಕಾನೂನು. ಪೆನಿಸಿಲಿನ್ ಔಷಧಿ ಕೊಡೋ ಪೆನಿಸಿಲಿಯಂ ಬೂಷ್ಟೂ ಶಿಲೀಂಧ್ರಾನೇ, ವಿಜ್ಞಾನಿ ಫ್ಲೆಮಿಂಗ್ 1928ರಲ್ಲಿ ಪೆನಿಸಿಲಿನ್ ಕಂಡುಹಿಡಿದಿದ್ದಕ್ಕೆ 50 ವರ್ಷ ಆದಾಗ ಮಾರಿಷಸ್ 1978ರಲ್ಲಿ ಸೆಟ್ ತಂತು, ಬ್ರಿಟನ್ 1999ರಲ್ಲಿ ಒಂದು ಹಾಕ್ತು. ನಾನು ಇವನ್ನ ಬೇರೆ ಪುಸ್ತಕದಲ್ಲಿ ಇಟ್ಟಿದೀನಿ. ಅಳಿಲಿನ ಕಾಲಡಿ ಚುಕ್ಕೆಯಷ್ಟು ಅಣಬೆ ಇರೋದನ್ನ ಹುಡುಕೋದು ಆಟದ ಥರ ಖುಷಿ ಕೊಡತ್ತೆ, ಆದ್ರೆ ಅದಕ್ಕೆ ಕೊನೆ ಇಲ್ಲ.

## ಮುಂದಕ್ಕೆ ಹೋಗೋರಿಗೆ

ಕೇಳಿಲ್ಲದ ದೇಶದ ಹೆಸರಲ್ಲಿ ಅಣಬೆ ಶೀಟು ಬರ್ತಿದೆ, ಅಸಲಿನಾ ನಕಲಿನಾ?

ಅನುಮಾನ ಪಡಿ. ಸೋವಿಯತ್ ಒಡೆದ ಮೇಲೆ 1990ರ ದಶಕದಲ್ಲಿ ತತಾರ್‌ಸ್ತಾನ್, ಚೆಚೆನ್ಯಾ, ಬುರ್ಯಾತಿಯಾ ಅಂತೆಲ್ಲಾ ಹೆಸರು ಹಾಕಿ ಯಾರ್ಯಾರೋ ಖಾಸಗಿಯವರು ಪ್ರಿಂಟ್ ಹೊಡೆದ್ರು, ಅಲ್ಲಿಯ ಪೋಸ್ಟಾಫೀಸಿಗೆ ಅದರ ಗಂಧಗಾಳಿ ಇಲ್ಲ. ಅಣಬೆ, ಬೆಕ್ಕು, ಚೆಸ್ಸು, ಗೂಬೆ ಇವಕ್ಕೆ ಗಿರಾಕಿ ಜಾಸ್ತಿ ಅಂತ ಅವನ್ನೇ ಹಾಕ್ತಾರೆ. ಆಫ್ರಿಕಾದ ನಿಜವಾದ ದೇಶಗಳ ಹೆಸರಲ್ಲೂ ಇಂಥ ನಕಲಿ ಬಂದಿದೆ, ಆ ದೇಶಗಳು ವಿಶ್ವ ಅಂಚೆ ಒಕ್ಕೂಟಕ್ಕೆ ದೂರು ಕೊಟ್ಟು ಸುತ್ತೋಲೆ ಹೊರಡಿಸಿದಾವೆ.

2002ರಿಂದ ಈಚೆಗೆ ಬಂದಿದ್ದನ್ನ ಚೆಕ್ ಮಾಡೋಕೆ ಒಕ್ಕೂಟದ ಡಬ್ಲ್ಯುಎನ್‌ಎಸ್ ಅನ್ನೋ ಅಧಿಕೃತ ಸ್ಟ್ಯಾಂಪುಗಳ ಪಟ್ಟಿ ಇದೆ, ಅಲ್ಲಿದ್ರೆ ಅಸಲಿ. ಇಲ್ಲಾಂದ್ರೆ ತಕ್ಷಣ ನಕಲಿ ಅಂತ ಅಲ್ಲ, ಎಲ್ಲಾ ದೇಶಾನೂ ಅದರಲ್ಲಿ ಸೇರಿಲ್ಲ, ಆಗ ಗಿಬ್ಬನ್ಸ್, ಸ್ಕಾಟ್, ಮಿಶೆಲ್ ಯಾವುದಾದ್ರೂ ಕೆಟಲಾಗ್ ನೋಡಿ. ಇವೆರಡರ ಮಧ್ಯೆ ಇನ್ನೊಂದು ಜಾತಿ ಇದೆ, ಕಾನೂನಿನ ಪ್ರಕಾರ ಅಸಲಿ, ಆದ್ರೆ ಏಜೆನ್ಸಿಯವರು ವಿದೇಶದಲ್ಲಿ ಪ್ರಿಂಟ್ ಮಾಡಿ ನೇರ ಕಲೆಕ್ಟರಿಗೇ ಮಾರಿದ್ದು, ಆ ದೇಶದ ಪೋಸ್ಟ್‌ಮ್ಯಾನೇ ಕಂಡಿರಲ್ಲ. ನಾನು ಇವನ್ನ ತಗೊಳ್ಳಲ್ಲ, ಜಾಗ ತಿನ್ನತ್ತೆ ಅಷ್ಟೇ. ಬೇಕು ಅನ್ನೋರು ತಗೊಳ್ಳಿ, ಬೇಡ ಅನ್ನೋಕೆ ನಾನ್ಯಾರು.

ಭೂತಗನ್ನಡೀಲಿ ಏನು ನೋಡ್ಬೇಕು? ನನಗೆ ಎಲ್ಲಾ ಒಂದೇ ಥರ ಕಾಣತ್ತೆ

10 ಪಟ್ಟು ದೊಡ್ಡದು ಮಾಡೋ ಲೆನ್ಸ್ ತಗೊಂಡು ಟೊಪ್ಪಿಯ ನೆರಳಿರೋ ಜಾಗ ನೋಡಿ. ಬಣ್ಣ ಬಣ್ಣದ ಚುಕ್ಕೆ ಸೇರಿ ನೆರಳಾಗಿದ್ರೆ ಆಫ್‌ಸೆಟ್ಟೋ ಫೋಟೋಗ್ರೇವರೋ ಅನ್ನೋ ಪ್ರಿಂಟಿಂಗ್ ವಿಧಾನ ಇರತ್ತೆ. ಚುಕ್ಕೆ ಇಲ್ಲದೆ ಒಂದರ ಪಕ್ಕ ಒಂದು ಕೂದಲೆಳೆ ಗೆರೆ ಇದ್ರೆ ಅದು ಲೋಹದ ಮೇಲೆ ಕೈಯಲ್ಲಿ ಕೆತ್ತಿದ್ದು. ಚೆಕೊಸ್ಲೊವಾಕಿಯಾದವರು ಇದಕ್ಕೇ ಹೆಸರುವಾಸಿ. ಅಣಬೆಯ ಅಡಿಯ ಪದರ ಕೆತ್ತೋನಿಗೆ ಹೇಳಿ ಮಾಡಿಸಿದ ವಿಷಯ, ಪದರಾನೂ ಗೆರೆ, ಕೆತ್ತನೇನೂ ಗೆರೆ.

ಸೋವಿಯತ್ 1964ರ 5 ಸ್ಟ್ಯಾಂಪಿನ ಸೆಟ್ಟಲ್ಲಿ ಎರಡು ಬಗೆ ಇದೆ, ಸಾದಾ ಒಂದು, ಮೇಲೆ ವಾರ್ನಿಶ್ ಹೊಡೆದಿದ್ದು ಇನ್ನೊಂದು. ನೇರ ನೋಡಿದ್ರೆ ಗೊತ್ತಾಗಲ್ಲ, ಕಿಟಕಿ ಬೆಳಕಿಗೆ ಓರೆ ಹಿಡೀರಿ, ವಾರ್ನಿಶ್ ಇರೋದು ಮಿರಮಿರ ಅನ್ನತ್ತೆ. ಎಷ್ಟೋ ಡೀಲರುಗಳು ಎರಡನ್ನೂ ಬೆರೆಸಿಯೇ ಇಟ್ಟಿರ್ತಾರೆ, ಒಂದೇ ಸೆಟ್ಟಲ್ಲಿ ಮೂರು ಸಾದಾ, ಎರಡು ವಾರ್ನಿಶ್. ಬಲ್ಗೇರಿಯಾ 1961ರದ್ದರಲ್ಲಿ ಅಂಚಿಗೆ ಹಲ್ಲಿರೋದು, ಹಲ್ಲಿಲ್ಲದ್ದು ಎರಡೂ ಅಧಿಕೃತವಾಗೇ ಬಂದಿದಾವೆ, ಹಲ್ಲು ಕತ್ತರಿಸಿ "ಇಂಪರ್ಫ್" ಅಂತ ಮಾರೋರು ಇದಾರೆ, ಸುತ್ತ ಅಂಚು ಅಗಲವಾಗಿದ್ಯಾ ನೋಡ್ಕೊಳ್ಳಿ.

ಎಕ್ಸಿಬಿಷನ್‌ಗೆ ಹಾಕ್ಬೇಕು ಅಂತಿದೀನಿ, ದೇಶದ ಪ್ರಕಾರ ಜೋಡಿಸಿದ್ರೆ ಮೆಡಲ್ ಬರತ್ತಾ?

ಥೀಮ್ಯಾಟಿಕ್ ಕ್ಲಾಸಲ್ಲಿ, ಅಂದ್ರೆ ಒಂದು ವಿಷಯ ಹಿಡಿದು ಕೂಡಿಸಿದ್ದರ ವಿಭಾಗದಲ್ಲಿ, ಬರೋದು ಕಷ್ಟ. ಅಲ್ಲಿ ಜಡ್ಜುಗಳು ಕೇಳೋದು ಕತೆ. ಅಂತರರಾಷ್ಟ್ರೀಯ ನಿಯಮದಲ್ಲಿ 100ಕ್ಕೆ 35 ಅಂಕ ಕತೆಯನ್ನ ಹೇಗೆ ಕಟ್ಟಿದೀರಿ ಅನ್ನೋದಕ್ಕೆ, 30 ತಿಳುವಳಿಕೆಗೆ, 30 ವಸ್ತುವಿನ ಸ್ಥಿತಿ ಮತ್ತೆ ಅಪರೂಪಕ್ಕೆ, ಅಂದಚಂದಕ್ಕೆ ಬರೀ 5. ಹಾಗಾಗಿ ಬಣ್ಣದ ಬಾರ್ಡರಿಗೆ ರಾತ್ರಿ ಕೂರಬೇಡಿ.

ಅಣಬೆ ಅಂದ್ರೇನು, ಗೆದ್ದಲು, ಮರದ ಬೇರು ಇವುಗಳ ಜೊತೆ ಅದರ ಸಂಬಂಧ, ಜನ ಹುಡುಕೋದು, ಬೆಳೆಸೋದು, ಸಾಯೋದು, ಹೀಗೆ ಅಧ್ಯಾಯ ಮಾಡಿ. ಬೆಳೆಸೋದು ಅಂತ ಬಂದಾಗ ಜಪಾನ್ 1974ರಲ್ಲಿ ಟೋಕಿಯೋದಲ್ಲಿ ನಡೆದ ಅಣಬೆ ಕೃಷಿ ಸಮ್ಮೇಳನಕ್ಕೆ ತಂದ 20 ಯೆನ್ ಶಿಟಾಕೆ ಸ್ಟ್ಯಾಂಪು ಸರಿಯಾಗಿ ಕೂರತ್ತೆ. ಬರೀ ಸ್ಟ್ಯಾಂಪು ಸಾಲಲ್ಲ. ಅಣಬೆ ಕಂಪನಿ ಕವರುಗಳ ಮೇಲಿನ ಮೀಟರ್ ಮುದ್ರೆ (ಸ್ಟ್ಯಾಂಪ್ ಬದ್ಲು ಮೆಷಿನ್ ಹೊಡೆಯೋ ಮುದ್ರೆ), ವಿಶೇಷ ಸೀಲು, ಪೋಸ್ಟ್‌ಕಾರ್ಡು, ಬುಕ್ಲೆಟ್ಟು, ಪ್ರೂಫು (ಪರೀಕ್ಷೆಗೆ ಅಂತ ತೆಗೆದ ಪ್ರಿಂಟು) ಇವೆಲ್ಲಾ ಬೇಕು, ಪುಟದಲ್ಲಿ ಒಂದೇ ಥರದ ಸಾಮಾನು ತುಂಬಿದ್ರೆ ಅಂಕ ಕಟ್. ಮೇಲೆ ಹೇಳಿದ ನಕಲಿ ದೇಶದ ಶೀಟು ಒಂದು ನುಸುಳಿದ್ರೂ ಜಡ್ಜಿಗೆ ಇಡೀ ಕಲೆಕ್ಷನ್ ಮೇಲೇ ಅನುಮಾನ. ನೋಟು ಬೇಡ: ನ್ಯೂಜಿಲೆಂಡಿನ ನೀಲಿ ಅಣಬೆ 2002ರ ಸ್ಟ್ಯಾಂಪಲ್ಲೂ ಇದೆ, ಅವರ 50 ಡಾಲರ್ ನೋಟಿನ ಮೇಲೂ ಇದೆ, ನೋಟು ಹಾಕೋ ಆಸೆ ಎಲ್ಲರಿಗೂ ಆಗತ್ತೆ, ಆದ್ರೆ ಅದು ಅಂಚೆ ಸಾಮಾನಲ್ಲ, ಹಾಕಬೇಕು ಅಂತಾನೇ ಇದ್ರೆ ಅಂಚೆಯದ್ದಲ್ಲದ ಸಾಮಾನಿಗೂ ಜಾಗ ಇರೋ ಓಪನ್ ಕ್ಲಾಸಿಗೆ ಅರ್ಜಿ ಹಾಕಿ.